ಗಾಳಿಯ ಅಲೆ, ಮೋಡದ ಗೆರೆ



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ವ್ಯಾಪಾರಸ್ಥ ಕುಟುಂಬಗಳಲ್ಲಿ ನೂಲು, ಬನಿಯನ್ನು, ಬಟ್ಟೆ ವ್ಯಾಪಾರದ ಜೊತೆಗೆ ಒಂದೆರಡು ವಿಂಡ್‌ಮಿಲ್ಲು ನೆಟ್ಟವರೂ ಇದ್ದಾರೆ. ಅಂಥ ಮನೆಯವರೊಬ್ಬರು ಉಡುಮಲೈಪೇಟೆ ಕಡೆಯಿಂದ ನಮಗೆ ಕಾಗದ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಆದ್ದರಿಂದ ಹೆಸರು ಹೇಳುವುದಿಲ್ಲ. ಸಂಗತಿ ಇಷ್ಟು. ಅಣ್ಣತಮ್ಮಂದಿರು ಸಮಾಧಾನದಿಂದಲೇ ಪಾಲಾದರು. ಒಂದೇ ಕಂಪನಿಯ, ಒಂದೇ ಎತ್ತರದ, ಒಂದೇ ವರ್ಷ ನೆಟ್ಟ ಎರಡು ವಿಂಡ್‌ಮಿಲ್ಲುಗಳಲ್ಲಿ ಒಂದು ಅಣ್ಣನಿಗೆ ಬಂತು, ಒಂದು ತಮ್ಮನಿಗೆ. ಎರಡರ ನಡುವೆ ನಾಲ್ಕೈದು ಕಿಲೋಮೀಟರು ದೂರ. ಗಾಳಿಕಾಲದ ಒಂದು ವಾರ ಅಣ್ಣನದು ಭರ್ತಿ ತಿರುಗಿತು, ತಮ್ಮನದು ತೂಕಡಿಸಿತು. ಯೂನಿಟ್ಟಿನ ಲೆಕ್ಕ ಬಂದ ಮೇಲೆ ಮನೆಯಲ್ಲಿ ಮಾತು ಹುಟ್ಟಿತು: "ದೊಡ್ಡವರಿಗೆ ಮೊದಲೇ ಗೊತ್ತಿತ್ತು, ಒಳ್ಳೆಯದನ್ನು ತಾವಿಟ್ಟುಕೊಂಡರು." ಈಗ ಹಬ್ಬಕ್ಕೂ ಹೋಗಿಬರುವುದು ನಿಂತಿದೆಯಂತೆ. "ಒಂದೇ ಬಯಲು, ಒಂದೇ ಗಾಳಿ, ಹೀಗೇಕೆ?" ಎಂದು ತಮ್ಮನವರು ಕೇಳಿದ್ದಾರೆ.

ಈ ಪ್ರಶ್ನೆಗೆ ಉತ್ತರ ನೆಲದ ಮೇಲೆ ಮಾತ್ರ ನಿಂತು ನೋಡಿದರೆ ಪೂರ್ತಿ ಸಿಗುವುದಿಲ್ಲ. ಮೇಲಿನಿಂದ ನೋಡಬೇಕು. ಹವಾಮಾನ ಉಪಗ್ರಹಗಳು ತೆಗೆಯುವ ಮೋಡದ ಚಿತ್ರಗಳಲ್ಲಿ ಕೆಲವು ದಿನ ಒಂದು ವಿಚಿತ್ರ ಕಾಣುತ್ತದೆ. ಬೆಟ್ಟಸಾಲಿನ ಮರೆಯಲ್ಲಿ ಮೋಡವು ಪಟ್ಟೆಪಟ್ಟೆಯಾಗಿ, ಸಮ ಅಂತರದಲ್ಲಿ, ಬಾಚಣಿಗೆಯಿಂದ ಗೀರಿದಂತೆ ನಿಂತಿರುತ್ತದೆ. ಗಾಳಿಯಲ್ಲಿ ಎದ್ದ ಅಲೆಗಳ ಗುರುತು ಅದು. ವಿಜ್ಞಾನಿಗಳು ಇವನ್ನು ವಾಯುಮಂಡಲದ ಗುರುತ್ವ ಅಲೆಗಳು ಎನ್ನುತ್ತಾರೆ. ಈ ತಿಂಗಳು ನಾವು ಹೇಳಹೊರಟಿರುವುದು ಇವುಗಳ ವಿಚಾರ.

ಮೊದಲೇ ಒಂದು ಗೊಂದಲ ನಿವಾರಿಸಿಬಿಡೋಣ. ೨೦೧೬ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಐನ್‌ಸ್ಟೈನರ ಗುರುತ್ವಾಕರ್ಷಣ ಅಲೆ ಬೇರೆ. ಅದು ಕೋಟಿ ಕೋಟಿ ಮೈಲಿ ದೂರದ ಕಪ್ಪುಕುಳಿಗಳು ಒಂದಕ್ಕೊಂದು ಸೇರಿದಾಗ ಹುಟ್ಟುವಂಥದು. ನಾವು ಹೇಳುತ್ತಿರುವುದು ನಮ್ಮ ತಲೆಯ ಮೇಲಿನ ಗಾಳಿಯ ಅಲೆ, ಕೆರೆಯ ನೀರಿನ ಅಲೆಗೆ ಹತ್ತಿರದ ನೆಂಟ.

ತಕ್ಕಡಿಯ ಹಾಗೆ

ಗಾಳಿಯಲ್ಲಿ ಅಲೆ ಹೇಗೆ ಏಳುತ್ತದೆ? ಅಂಗಡಿಯಲ್ಲಿ ಕೂತು ಬೆಳೆದ ನಮಗೆ ಇದು ಸುಲಭವಾಗಿ ತಿಳಿಯುವ ಸಂಗತಿ. ಹಳೆಯ ಕೈತಕ್ಕಡಿಯನ್ನು ನೆನೆಸಿಕೊಳ್ಳಿ. ಸಮನಾಗಿ ನಿಂತ ತಟ್ಟೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಟ್ಟರೆ ಅದು ಕೂಡಲೇ ನಿಲ್ಲುವುದಿಲ್ಲ. ಮೇಲೆ ಹೋಗುತ್ತದೆ, ಸಮಕ್ಕೆ ಬಂದರೂ ತಡೆಯದೆ ಕೆಳಗೆ ಇಳಿಯುತ್ತದೆ, ಮತ್ತೆ ಮೇಲೆ. ನಾಲ್ಕಾರು ಸಲ ಆಡಿದ ಮೇಲೆ ನಿಲ್ಲುತ್ತದೆ.

ಗಾಳಿಯೂ ಹಾಗೆಯೇ. ಬೀಸಿಬಂದ ಗಾಳಿಗೆ ಬೆಟ್ಟ ಅಡ್ಡ ಬಂದರೆ ಅದು ಬೆಟ್ಟವನ್ನು ಹತ್ತಲೇಬೇಕು. ಮೇಲೆ ಹತ್ತಿದ ಒಣಗಾಳಿ ಕಿಲೋಮೀಟರಿಗೆ ಸುಮಾರು ೧೦ ಡಿಗ್ರಿಯಂತೆ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ತಣ್ಣಗಾದದ್ದು ಭಾರ. ಭಾರವಾದದ್ದನ್ನು ಭೂಮಿ ಕೆಳಗೆ ಎಳೆಯುತ್ತದೆ, ಆದ್ದರಿಂದಲೇ ಗುರುತ್ವ ಎಂಬ ಹೆಸರು. ಇಳಿದ ಗಾಳಿ ತನ್ನ ಮಟ್ಟದಲ್ಲಿ ನಿಲ್ಲದೆ ಇನ್ನೂ ಕೆಳಗೆ ಜಾರುತ್ತದೆ. ಜಾರಿದಾಗ ಬಿಸಿಯಾಗಿ ಹಗುರಾಗುತ್ತದೆ, ಮತ್ತೆ ಮೇಲೇಳುತ್ತದೆ. ಒಮ್ಮೆ ಏರಿ ಇಳಿದು ಮೊದಲ ಮಟ್ಟಕ್ಕೆ ಬರಲು ಸಾಮಾನ್ಯವಾಗಿ ೧೦ ನಿಮಿಷದ ಆಸುಪಾಸು ಹಿಡಿಯುತ್ತದೆ.

ಈಗ ಸಣ್ಣ ಲೆಕ್ಕ. ಗಾಳಿ ಸೆಕೆಂಡಿಗೆ ೧೫ ಮೀಟರು, ಅಂದರೆ ಗಂಟೆಗೆ ೫೪ ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ ಎನ್ನಿ. ೧೦ ನಿಮಿಷಕ್ಕೆ ೬೦೦ ಸೆಕೆಂಡು. ಹದಿನೈದನ್ನು ಆರುನೂರರಿಂದ ಗುಣಿಸಿದರೆ ೯,೦೦೦ ಮೀಟರು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ೯ ಕಿಲೋಮೀಟರು ಆಯಿತು. ನೆತ್ತಿಯಿಂದ ತಗ್ಗಿಗೆ ಅದರ ಅರ್ಧ, ನಾಲ್ಕೂವರೆ ಕಿಲೋಮೀಟರು. ಕಾಗದ ಬರೆದವರ ಎರಡು ವಿಂಡ್‌ಮಿಲ್ಲುಗಳ ನಡುವಿನ ದೂರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಅಲೆಯ ನೆತ್ತಿಗೆ ಏರಿದ ಗಾಳಿಯಲ್ಲಿ ತೇವವಿದ್ದರೆ ಅಲ್ಲಿ ಮೋಡ ಕಟ್ಟುತ್ತದೆ. ತಗ್ಗಿಗೆ ಇಳಿದಾಗ ಆ ಮೋಡ ಕರಗುತ್ತದೆ. ಆದ್ದರಿಂದ ಒಂದು ಪಟ್ಟೆ ಮೋಡ, ಒಂದು ಪಟ್ಟೆ ಬಯಲು ಆಕಾಶ. ಇದರಲ್ಲಿ ಇನ್ನೊಂದು ಸೊಗಸಿದೆ. ಗಾಳಿ ಮೋಡದೊಳಗೆ ನುಗ್ಗಿ ಆಚೆ ಹೋಗುತ್ತಿದ್ದರೂ ಮೋಡದ ಪಟ್ಟೆ ಮಾತ್ರ ಇದ್ದಲ್ಲೇ ಇರುತ್ತದೆ. ಹೊಳೆಯಲ್ಲಿ ಕಲ್ಲಿನ ಮುಂದೆ ನೀರು ಉಬ್ಬಿ ನಿಂತಿರುವುದನ್ನು ನೋಡಿದ್ದೀರಲ್ಲ? ನೀರು ಹರಿದುಹೋಗುತ್ತದೆ, ಉಬ್ಬು ಹೋಗುವುದಿಲ್ಲ.

ಮೇಲಿನ ಕಣ್ಣುಗಳು

ನೆಲದ ಮೇಲಿದ್ದವನಿಗೆ ತಲೆಯ ಮೇಲಿನ ಒಂದು ಮೋಡ ಕಂಡೀತು, ಹತ್ತು ಪಟ್ಟೆ ಸಾಲಾಗಿ ನಿಂತಿದ್ದು ಕಾಣದು. ಹಿಂದೆ ಇವನ್ನು ಮೈಯಲ್ಲಿ ಅನುಭವಿಸಿ ಕಂಡುಕೊಂಡವರು ಎಂಜಿನ್ ಇಲ್ಲದ ಗ್ಲೈಡರ್ ವಿಮಾನದವರು. ೧೯೩೩ರಲ್ಲಿ ಜರ್ಮನಿಯ ಗ್ಲೈಡರ್ ಹಾರಾಟಗಾರರು ಬೆಟ್ಟದ ಮರೆಯ ಬದಿಯಲ್ಲಿ, ಇಳಿಯಬೇಕಾದ ಕಡೆ, ಮೇಲಕ್ಕೆ ಎತ್ತುವ ಗಾಳಿಯನ್ನು ಕಂಡು ಬೆರಗಾದರು. ೧೯೬೦ರ ಏಪ್ರಿಲ್ ೧ರಂದು ಅಮೆರಿಕದವರು ಟೈರೋಸ್-೧ ಎಂಬ ಮೊದಲ ಹವಾಮಾನ ಉಪಗ್ರಹವನ್ನು ಹಾರಿಸಿದರು. ಅದು ಕೆಲಸ ಮಾಡಿದ್ದು ೭೮ ದಿನ ಮಾತ್ರ. ಅಷ್ಟರಲ್ಲೇ ಬೆಟ್ಟದ ಮರೆಯ ಮೋಡದ ಪಟ್ಟೆಗಳು ಅದರ ಚಿತ್ರಗಳಲ್ಲಿ ಸಿಕ್ಕಿಬಿದ್ದವು. ೧೯೬೨ರಲ್ಲಿ ಡೋಸ್ ಎಂಬ ಸ್ವೀಡನ್ನಿನ ವಿಜ್ಞಾನಿ ಆ ಚಿತ್ರಗಳನ್ನಿಟ್ಟುಕೊಂಡು ಅಲೆಗಳ ಗಣಿತ ಮಾಡಿ ಪ್ರಕಟಿಸಿದರು.

ನಮ್ಮವರೂ ಹಿಂದೆ ಬೀಳಲಿಲ್ಲ. ೧೯೬೫ರಲ್ಲಿ ಆರ್. ಪಿ. ಸರ್ಕಾರ್ ಅವರು ನಮ್ಮ ಪಶ್ಚಿಮ ಘಟ್ಟಗಳ ಮೇಲೆ ಏಳುವ ಪರ್ವತ ಅಲೆಗಳ ಬಗ್ಗೆ ಲೆಕ್ಕಸಮೇತ ಪ್ರಬಂಧ ಬರೆದರು. ಮರುವರ್ಷ ಮುಂಬಯಿ–ಪುಣೆ ನಡುವಿನ ಘಟ್ಟದ ಮಳೆಗೂ ಗಾಳಿ ಏರುವುದಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ೧೯೭೦ರಲ್ಲಿ ಯು. ಎಸ್. ಡೇ ಅವರು ಉಪಗ್ರಹದ ಮೋಡಚಿತ್ರಗಳಲ್ಲಿ ಕಾಣುವ ಬೆಟ್ಟದ ಮರೆಯ ಅಲೆಗಳ ಬಗ್ಗೆ ಬರೆದರು. ಆಗ ನಮ್ಮ ದೇಶಕ್ಕೆ ಸ್ವಂತದ್ದೊಂದು ಹವಾಮಾನ ಉಪಗ್ರಹ ಇರಲಿಲ್ಲ ಎಂಬುದನ್ನು ಮರೆಯಬಾರದು.

೧೯೮೩ರ ಆಗಸ್ಟಿನಲ್ಲಿ ಇನ್ಸಾಟ್-೧ಬಿ ಮೇಲೇರಿತು. ದೂರದರ್ಶನದ ವಾರ್ತೆಯ ಕೊನೆಯಲ್ಲಿ ಕಪ್ಪುಬಿಳುಪಿನ ಮೋಡದ ಚಿತ್ರ ತೋರಿಸುತ್ತಿದ್ದುದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬಹುದು. ಆದರೆ ಆ ಚಿತ್ರದಲ್ಲಿ ನಮ್ಮ ಕಡೆಯ ಅಲೆಗಳನ್ನು ಹುಡುಕುವುದು ಕಷ್ಟವಿತ್ತು. ಕಾರಣ ಜರಡಿಯ ಕಣ್ಣು. ಅಗಲ ಕಣ್ಣಿನ ಜರಡಿಯಲ್ಲಿ ಸಾಸಿವೆ ನಿಲ್ಲುವುದಿಲ್ಲ. ಇನ್ಸಾಟ್-೧ಬಿ ಚಿತ್ರದ ಒಂದು ಚುಕ್ಕೆ, ಹಗಲು ಬೆಳಕಿನ ಚಿತ್ರದಲ್ಲಿ ನೆಲದ ಮೇಲಿನ ೨.೭೫ ಕಿಲೋಮೀಟರಿಗೆ ಸಮ. ರಾತ್ರಿಯಲ್ಲೂ ತೆಗೆಯಬಲ್ಲ ಶಾಖದ ಚಿತ್ರದಲ್ಲಿ ಒಂದು ಚುಕ್ಕೆಗೆ ೧೧ ಕಿಲೋಮೀಟರು. ೯ ಕಿಲೋಮೀಟರಿನ ಅಲೆ ೧೧ ಕಿಲೋಮೀಟರಿನ ಒಂದೇ ಚುಕ್ಕೆಯೊಳಗೆ ಮುಳುಗಿಹೋಗುತ್ತದೆ. ಮೋಡದ ಬಿಳಿ, ಬಯಲಿನ ಕಪ್ಪು ಎರಡೂ ಬೆರೆತು ಬೂದಿ ಬಣ್ಣವಾಗುತ್ತದೆ.

೨೦೧೩ರ ಜುಲೈಯಲ್ಲಿ ಇನ್ಸಾಟ್-೩ಡಿ, ೨೦೧೬ರ ಸೆಪ್ಟೆಂಬರಿನಲ್ಲಿ ೩ಡಿಆರ್, ೨೦೨೪ರ ಫೆಬ್ರವರಿ ೧೭ರಂದು ಶ್ರೀಹರಿಕೋಟದಿಂದ ೩ಡಿಎಸ್ ಮೇಲೇರಿದವು. ಇವುಗಳ ಹಗಲು ಬೆಳಕಿನ ಚಿತ್ರದಲ್ಲಿ ಒಂದು ಚುಕ್ಕೆಗೆ ೧ ಕಿಲೋಮೀಟರು, ಶಾಖದ ಚಿತ್ರದಲ್ಲಿ ೪ ಕಿಲೋಮೀಟರು, ನೀರಾವಿಯ ಚಿತ್ರದಲ್ಲಿ ೮ ಕಿಲೋಮೀಟರು. ಹಾಗಾಗಿ ೯ ಕಿಲೋಮೀಟರಿನ ಅಲೆ ಹಗಲಿನ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಬಲ್ಲದು, ಶಾಖದ ಚಿತ್ರದಲ್ಲಿ ಅರೆಬರೆ, ನೀರಾವಿಯ ಚಿತ್ರದಲ್ಲಿ ದೊಡ್ಡ ಅಲೆಗಳು ಮಾತ್ರ. ಒಂದೊಂದು ಉಪಗ್ರಹವೂ ಸುಮಾರು ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುವಂಥದು. ಒಂದರ ಹಿಂದೊಂದು ಚಿತ್ರ ನೋಡಿದಾಗ ಉಳಿದ ಮೋಡವೆಲ್ಲ ಪೂರ್ವಕ್ಕೆ ಸರಿದಿದ್ದು ಪಟ್ಟೆಗಳು ಮಾತ್ರ ನಿಂತಲ್ಲೇ ನಿಂತಿದ್ದರೆ ಅವು ಬೆಟ್ಟದ ಅಲೆ ಎಂದು ತಿಳಿಯಬೇಕು.

ಬೆಟ್ಟವೊಂದೇ ಕಾರಣವಲ್ಲ. ದೊಡ್ಡ ಗುಡುಗುಮಳೆಯ ಮೋಡವು ಮೇಲಿನ ಗಾಳಿಯನ್ನು ಗುದ್ದಿದಾಗ ಕೆರೆಗೆ ಕಲ್ಲು ಹಾಕಿದಂತೆ ಬಳೆಬಳೆಯಾಗಿ ಅಲೆ ಹರಡುತ್ತದೆ. ೨೦೨೨ರ ಜನವರಿ ೧೫ರಂದು ಪೆಸಿಫಿಕ್ ಸಾಗರದ ಟೊಂಗಾ ದ್ವೀಪಗಳಲ್ಲಿ ಅಗ್ನಿಪರ್ವತ ಸಿಡಿದಾಗ ಎದ್ದ ಬಳೆಗಳನ್ನು ಉಪಗ್ರಹಗಳು ಕಂಡವು. ಅದರ ಒತ್ತಡದ ಅಲೆಯಂತೂ ಭೂಮಿಯನ್ನೇ ಹಲವು ಸುತ್ತು ಸುತ್ತಿತು. ೨೦೧೧ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಎಂಬ ಅಮೆರಿಕದ ಉಪಗ್ರಹದ ರಾತ್ರಿಗಣ್ಣು ಇನ್ನೂ ಸೂಕ್ಷ್ಮ. ಚಂದ್ರನಿಲ್ಲದ ರಾತ್ರಿಯಲ್ಲಿ ಸುಮಾರು ೯೦ ಕಿಲೋಮೀಟರು ಎತ್ತರದ ಗಾಳಿ ತಾನೇ ಸೂಸುವ ಮಂದಬೆಳಕಿನಲ್ಲಿ ಕೂಡ ಅದು ಅಲೆಗಳನ್ನು ಹಿಡಿದಿದೆ. ನಮ್ಮ ರಾಜ್ಯದ ತಿರುನೆಲ್ವೇಲಿಯ ಬಳಿಯ ಸಂಶೋಧನಾಲಯದಲ್ಲಿ ಅದೇ ಮಂದಬೆಳಕನ್ನು ನೆಲದ ಮೇಲಿನ ಕ್ಯಾಮೆರಾದಿಂದ ನೋಡಿದ್ದಾರೆ. ತಿರುಪತಿಯ ಹತ್ತಿರದ ಗಾದಂಕಿಯಲ್ಲಿ ದೊಡ್ಡ ರಾಡಾರಿನಿಂದ ತಲೆಯ ಮೇಲಿನ ಗಾಳಿಯ ಏರಿಳಿತವನ್ನು ಅಳೆದಿದ್ದಾರೆ.

ನಮ್ಮ ಕಂಡಿಯ ಗಾಳಿ

ಇನ್ನು ನಮ್ಮ ಊರಿಗೆ ಬರೋಣ. ಉತ್ತರಕ್ಕೆ ನೀಲಗಿರಿ, ದೊಡ್ಡಬೆಟ್ಟದ ಎತ್ತರ ೨,೬೩೭ ಮೀಟರು. ದಕ್ಷಿಣಕ್ಕೆ ಆನೈಮಲೈ, ಅತ್ತ ಆನೈಮುಡಿ ೨,೬೯೫ ಮೀಟರು. ನಡುವೆ ಗೋಡೆ ಒಡೆದಂತೆ ಸುಮಾರು ೩೦–೪೦ ಕಿಲೋಮೀಟರು ಅಗಲದ ಪಾಲಕ್ಕಾಡ್ ಕಂಡಿ. ಮುನಿಗಳು ಚಾತುರ್ಮಾಸಕ್ಕೆ ನಿಲ್ಲುವ ತಿಂಗಳುಗಳಲ್ಲಿ ಕೇರಳದ ಕಡೆಯ ಮುಂಗಾರು ಗಾಳಿ ಈ ಕಂಡಿಯಲ್ಲಿ ನುಗ್ಗಿ ನಮ್ಮ ಬಯಲಿಗೆ ಬರುತ್ತದೆ. ಮಳೆಯನ್ನು ಅದು ಬಹುಪಾಲು ಆಚೆಯೇ ಸುರಿಸಿರುತ್ತದೆ. ನಮಗೆ ಸಿಗುವುದು ಗಾಳಿ. ಆಡಿ ತಿಂಗಳಿನ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ಇಲ್ಲಿಯ ತಮಿಳರ ಗಾದೆ. ಪಲ್ಲಡಂ, ಉಡುಮಲೈ, ಧಾರಾಪುರದ ಬಯಲಿನಲ್ಲಿ ವಿಂಡ್‌ಮಿಲ್ಲುಗಳು ಸಾಲುಸಾಲಾಗಿ ನಿಂತಿರುವುದು ಈ ಗಾಳಿಯನ್ನು ನಂಬಿಯೇ.

ಆದರೆ ಎಲ್ಲ ಗಾಳಿಯೂ ಕಂಡಿಯಲ್ಲೇ ಬರುವುದಿಲ್ಲ. ಎರಡು ಬದಿಯ ಬೆಟ್ಟಗಳನ್ನು ಹತ್ತಿ ಇಳಿಯುವ ಗಾಳಿಯೂ ಉಂಟು. ಅಲೆ ಏಳುವುದು ಅದರಲ್ಲಿ. ಮುಂಗಾರಿನ ಕಾಲದಲ್ಲಿ ಇನ್ನೊಂದು ವಿಶೇಷವಿದೆ. ಕೆಳಗೆ ಪಡುವಣ ಗಾಳಿ ಬಿರುಸಾಗಿದ್ದರೆ ಬಹಳ ಎತ್ತರದಲ್ಲಿ ಅದಕ್ಕೆ ಎದುರಾಗಿ ಮೂಡಣ ಗಾಳಿ ರಭಸದಿಂದ ಬೀಸುತ್ತಿರುತ್ತದೆ. ಇದನ್ನು ೧೯೫೮ರಲ್ಲಿ ವಿವರಿಸಿದವರು ನಮ್ಮ ದೇಶದ ಪಿ. ಕೋಟೇಶ್ವರಂ. ಎರಡರ ನಡುವೆ ಎಲ್ಲೋ ಒಂದು ಮಟ್ಟದಲ್ಲಿ ಗಾಳಿ ಶೂನ್ಯವಾಗಲೇಬೇಕಲ್ಲವೆ? ನಿಂತಲ್ಲೇ ನಿಲ್ಲುವ ಬೆಟ್ಟದ ಅಲೆ ಆ ಮಟ್ಟವನ್ನು ದಾಟಿ ಮೇಲೆ ಹೋಗಲಾರದು. ಹಾಗಾಗಿ ಮುಂಗಾರಿನ ಬೆಟ್ಟದ ಅಲೆಯ ಆಟವೆಲ್ಲ ಕೆಳಗಿನ ಕೆಲವು ಕಿಲೋಮೀಟರಿನಲ್ಲೇ, ಅಂದರೆ ನಮ್ಮ ನೆಲಕ್ಕೆ ಹತ್ತಿರದಲ್ಲೇ.

ಅಲೆಯ ಕೆಳಗೆ ನೆಲದ ಬಳಿಯ ಗಾಳಿ ಒಂದೇ ಸಮ ಇರುವುದಿಲ್ಲ. ಸಾಮಾನ್ಯವಾಗಿ ಅಲೆಯ ತಗ್ಗಿನ ಕೆಳಗೆ, ಅಂದರೆ ಬಯಲು ಆಕಾಶದ ಪಟ್ಟೆಯ ಕೆಳಗೆ ಗಾಳಿ ಬಿರುಸು. ನೆತ್ತಿಯ ಕೆಳಗೆ, ಅಂದರೆ ಮೋಡದ ಪಟ್ಟೆಯ ಕೆಳಗೆ ಸಡಿಲ. ವ್ಯತ್ಯಾಸ ಸಣ್ಣದಿದ್ದರೂ ವಿದ್ಯುತ್ತಿನಲ್ಲಿ ದೊಡ್ಡದಾಗುತ್ತದೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಸಮನಾಗಿ ಏರುತ್ತದೆ. ಆರನ್ನು ಮೂರು ಸಲ ಗುಣಿಸಿದರೆ ೨೧೬, ಏಳನ್ನು ಮೂರು ಸಲ ಗುಣಿಸಿದರೆ ೩೪೩. ಸೆಕೆಂಡಿಗೆ ೬ ಮೀಟರಿನ ಗಾಳಿ ೭ ಆದರೆ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು. ಕೊಟ್ಟದ್ದು ಒಂದು ಮೀಟರು, ಸಿಕ್ಕಿದ್ದು ಅರ್ಧಕ್ಕಿಂತ ಹೆಚ್ಚು ಲಾಭ. ಯಾವ ಬಡ್ಡಿ ಲೆಕ್ಕದಲ್ಲೂ ಇದು ಸಿಗುವುದಿಲ್ಲ!

ಇದು ಬರಿಯ ಊಹೆಯೂ ಅಲ್ಲ. ಅಮೆರಿಕದಲ್ಲಿ ಕೊಲಂಬಿಯಾ ನದಿಯ ಕಣಿವೆ ಎಂಬುದುಂಟು. ನಮ್ಮ ಕಂಡಿಯ ಹಾಗೆ ಬೆಟ್ಟಸಾಲನ್ನು ಸೀಳಿದ ದಾರಿ, ಅದರ ಪೂರ್ವಕ್ಕೆ ಸಾಲುಸಾಲು ವಿಂಡ್‌ಮಿಲ್ಲು. ಅಲ್ಲಿ ೨೦೧೫ರಿಂದ ೨೦೧೭ರ ತನಕ ವಿಜ್ಞಾನಿಗಳು ಉಪಕರಣಗಳನ್ನು ನೆಟ್ಟು ಗಾಳಿಯನ್ನು ಅಳೆದರು. ಬೆಟ್ಟದ ಅಲೆ ಎದ್ದಾಗ ಉಪಗ್ರಹ ಚಿತ್ರದಲ್ಲಿ ಪಟ್ಟೆ ಕಾಣುತ್ತಿತ್ತು, ಕೆಳಗೆ ವಿಂಡ್‌ಮಿಲ್ಲುಗಳ ಉತ್ಪಾದನೆ ಏರಿಳಿಯುತ್ತಿತ್ತು ಎಂದು ೨೦೨೧ರಲ್ಲಿ ಪ್ರಕಟಿಸಿದ್ದಾರೆ.

ಹವಾಮಾನ ಇಲಾಖೆಯವರು ಇದನ್ನೇಕೆ ಮೊದಲೇ ಹೇಳುವುದಿಲ್ಲ ಎಂದು ನೀವು ಕೇಳಬಹುದು. ಅಲ್ಲಿಯೂ ಜರಡಿಯದೇ ತೊಂದರೆ. ನಮ್ಮ ದೇಶದ ಹೊಸ ಮುನ್ಸೂಚನಾ ವ್ಯವಸ್ಥೆ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ೨೦೨೫ರ ಮೇ ೨೬ರಂದು ಆರಂಭವಾಯಿತು. ಅದರ ಚೌಕದ ಅಳತೆ ೬ ಕಿಲೋಮೀಟರು. ಹಿಂದೆ ೧೨ ಇತ್ತು, ಈಗ ಅರ್ಧವಾಗಿದೆ, ಸಂತೋಷದ ಸಂಗತಿ. ಆದರೂ ೯ ಕಿಲೋಮೀಟರಿನ ಅಲೆಯನ್ನು ೬ ಕಿಲೋಮೀಟರಿನ ಚೌಕದಲ್ಲಿ ಸರಿಯಾಗಿ ಬರೆಯಲಾಗದು. ಆದ್ದರಿಂದ ಇಂಥ ಅಲೆಗಳ ಒಟ್ಟು ಪರಿಣಾಮವನ್ನು ಗಣಕಯಂತ್ರದ ಲೆಕ್ಕಗಳಲ್ಲಿ ಅಂದಾಜಾಗಿ ಸೇರಿಸುವುದು ೧೯೮೦ರ ದಶಕದಿಂದ ಲೋಕದಲ್ಲೆಲ್ಲ ನಡೆದುಬಂದಿರುವ ಪದ್ಧತಿ. ಅಂದಾಜು ಸರಿಯೇ ಎಂದು ತಾಳೆ ನೋಡಲು ಉಪಗ್ರಹದ ಚಿತ್ರ ಬೇಕು.

ವಿಮಾನದಲ್ಲಿ ಓಡಾಡುವವರಿಗೂ ಈ ವಿಚಾರ ಸಂಬಂಧಪಟ್ಟದ್ದೇ. ೧೯೬೬ರ ಮಾರ್ಚ್ ೫ರಂದು ಟೋಕಿಯೋದಿಂದ ಹಾಂಕಾಂಗಿಗೆ ಹೊರಟ ಬ್ರಿಟಿಷ್ ಬೋಯಿಂಗ್ ೭೦೭ ವಿಮಾನವು ಫ್ಯೂಜಿ ಪರ್ವತದ ಮರೆಯ ಗಾಳಿಯ ಹೊಡೆತಕ್ಕೆ ಆಕಾಶದಲ್ಲೇ ಮುರಿದುಬಿತ್ತು. ೧೨೪ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಂದು ಆಕಾಶ ತಿಳಿಯಾಗಿತ್ತು. ಆಸನದ ಪಟ್ಟಿಯನ್ನು ಇಳಿಯುವ ತನಕ ಬಿಚ್ಚಬೇಡಿ ಎಂದು ಮಕ್ಕಳಿಗೆ ಹೇಳಿ. ಆಕಾಶ ತಿಳಿಯಾಗಿದ್ದ ಮಾತ್ರಕ್ಕೆ ಗಾಳಿ ಸುಮ್ಮನಿದೆ ಎಂದು ತಿಳಿಯಬಾರದು.

ಕಾಗದಕ್ಕೆ ಉತ್ತರ

ಈಗ ಆ ಅಣ್ಣತಮ್ಮಂದಿರ ವಿಚಾರ. ಯೂನಿಟ್ಟು ಕಡಿಮೆಯಾಗಲು ಹತ್ತು ಕಾರಣ ಇರಬಹುದು. ಮುಂದಿನ ಸಾಲಿನ ಮಿಲ್ಲು ಹಿಂದಿನದರ ಗಾಳಿಯನ್ನು ತಡೆದಿರಬಹುದು. ಗ್ರಿಡ್ಡು ನಿಂತಿರಬಹುದು. ಗೇರುಪೆಟ್ಟಿಗೆ ಹಳತಾಗಿರಬಹುದು, ರೆಕ್ಕೆಗೆ ಧೂಳು ಕೂತಿರಬಹುದು. ಅಲೆಯೇ ಕಾರಣ ಎಂದು ನಾವು ಇಲ್ಲಿಂದ ತೀರ್ಪು ಕೊಡುವುದಿಲ್ಲ. ಆದರೆ ತಿಳಿಯುವ ದಾರಿ ಇದೆ. ಮೂರು ಕೆಲಸ ಮಾಡಿ ನೋಡಲಿ.

ಒಂದು: ವಾರದ ಲೆಕ್ಕ ಬಿಟ್ಟು ಎರಡು ಮಿಲ್ಲುಗಳ ಮೂರು ವರ್ಷದ ದಿನವಹಿ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಲೆಯ ಉದ್ದ ಗಾಳಿಯ ವೇಗದೊಂದಿಗೆ ಬದಲಾಗುತ್ತದೆ. ಇಂದು ತಗ್ಗು ಬಿದ್ದ ಜಾಗಕ್ಕೆ ಮುಂದಿನ ವಾರ ನೆತ್ತಿ ಬರಬಹುದು. ಬೆಟ್ಟದ ಬುಡಕ್ಕೆ ತೀರ ಹತ್ತಿರ ಇಲ್ಲದಿದ್ದರೆ ಕೆಲವು ದಿನ ಅಣ್ಣನಿಗೆ, ಕೆಲವು ದಿನ ತಮ್ಮನಿಗೆ ಹೆಚ್ಚು ಬಂದಿರಬೇಕು. ವರ್ಷವಿಡೀ ಒಂದೇ ಕಡೆಗೆ ವಾಲಿದ್ದರೆ ಅದು ಅಲೆಯಲ್ಲ, ಜಾಗದ ಅಥವಾ ಯಂತ್ರದ ದೋಷ.

ಎರಡು: ವ್ಯತ್ಯಾಸ ಹೆಚ್ಚಿದ್ದ ದಿನಗಳ ಉಪಗ್ರಹ ಚಿತ್ರ ನೋಡಬೇಕು. ಹವಾಮಾನ ಇಲಾಖೆಯ 'ಮೌಸಂ' ತಾಣದಲ್ಲೂ ಇಸ್ರೋದ 'ಮೋಸ್‌ಡ್ಯಾಕ್' ತಾಣದಲ್ಲೂ ಮೋಡದ ಚಿತ್ರಗಳು ಸಿಗುತ್ತವೆ. ನಮಗೆ ಗೊತ್ತಾಗದಿದ್ದರೆ ಮನೆಯ ಮೊಮ್ಮಕ್ಕಳು ಎರಡು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಹಗಲು ಬೆಳಕಿನ ಚಿತ್ರ ನೋಡಿ, ಅದರಲ್ಲೂ ಬೆಳಿಗ್ಗೆಯದು. ಬಿಸಿಲು ಓರೆಯಾಗಿ ಬಿದ್ದಾಗ ಮೋಡದ ಉಬ್ಬುತಗ್ಗು ಚೆನ್ನಾಗಿ ಎದ್ದುಕಾಣುತ್ತದೆ. ಪಡುವಣ ಗಾಳಿಗೆ ಅಡ್ಡಲಾಗಿ, ಉತ್ತರ ದಕ್ಷಿಣವಾಗಿ ಪಟ್ಟೆಗಳಿವೆಯೇ, ಮುಂದಿನ ಚಿತ್ರದಲ್ಲೂ ಅಲ್ಲೇ ಇವೆಯೇ ನೋಡಿ. ಪಟ್ಟೆ ಕಾಣದಿದ್ದರೆ ಅಲೆಯೇ ಇಲ್ಲ ಎಂದು ಹೇಳಲಾಗದು. ಗಾಳಿ ಒಣದಾಗಿದ್ದರೆ ಅಲೆ ಇದ್ದರೂ ಮೋಡ ಕಟ್ಟುವುದಿಲ್ಲ. ಮೇಲೆ ದಪ್ಪ ಮೋಡ ಕವಿದಿದ್ದರೆ ಕೆಳಗಿನ ಪಟ್ಟೆ ಉಪಗ್ರಹಕ್ಕೂ ಮರೆಯಾಗುತ್ತದೆ.

ಮೂರು: ಈ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ಕೂತು ನೋಡಬೇಕು. ಒಬ್ಬರೇ ನೋಡಿ ಇನ್ನೊಬ್ಬರಿಗೆ ಹೇಳಿದರೆ ಅದೇ ಹೊಸ ಜಗಳಕ್ಕೆ ದಾರಿ. ವ್ಯತ್ಯಾಸ ಬೇಡವೇ ಬೇಡ ಎಂದಾದರೆ ಎರಡು ಮಿಲ್ಲುಗಳ ವರಮಾನವನ್ನು ಒಟ್ಟುಗೂಡಿಸಿ ಅರ್ಧರ್ಧ ಹಂಚಿಕೊಳ್ಳುವ ಕರಾರು ಮಾಡಿಕೊಳ್ಳಬಹುದು. ಒಂದಕ್ಕೆ ನೆತ್ತಿ ಬಂದ ದಿನ ಇನ್ನೊಂದಕ್ಕೆ ತಗ್ಗು ಬಂದರೆ ಒಟ್ಟು ಲೆಕ್ಕ ತಕ್ಕಮಟ್ಟಿಗೆ ಸಮವಾಗುತ್ತದೆ. ಪಾಲು ಬೇರೆಯಾದರೂ ಲಾಭ ಒಟ್ಟಿಗಿರಬಾರದೆಂದು ಯಾವ ಕಾನೂನೂ ಹೇಳಿಲ್ಲ.

ಹೊಸದಾಗಿ ಜಾಗ ನೋಡುತ್ತಿರುವವರಿಗೂ ಒಂದು ಮಾತು. ಪಕ್ಕದ ಹೊಲದ ಮಿಲ್ಲು ಚೆನ್ನಾಗಿ ತಿರುಗಿತೆಂದು ನಾಲ್ಕು ದಿನ ನೋಡಿ ಮುಂಗಡ ಕೊಡಬೇಡಿ. ಆ ಜಾಗದಲ್ಲೇ ಕಂಬ ನೆಟ್ಟು ಒಂದು ಪೂರ್ತಿ ವರ್ಷ ಅಳೆದ ಗಾಳಿಯ ಲೆಕ್ಕವನ್ನು ಕೇಳಿ ತೆಗೆದುಕೊಳ್ಳಿ. ಕೋಟಿಗಟ್ಟಲೆ ಹಾಕುವವರು ಒಂದು ವರ್ಷ ಕಾಯುವುದು ನಷ್ಟವಲ್ಲ.

ಗಾಳಿಗೆ ನಮ್ಮವರು, ಬೇರೆಯವರು ಎಂಬ ಭೇದವಿಲ್ಲ. ಅದು ಬೆಟ್ಟದ ಆಕಾರ, ತನ್ನ ವೇಗ, ತನ್ನ ಶಾಖ ಇವನ್ನನುಸರಿಸಿ ಏರಿ ಇಳಿಯುತ್ತದೆ. ಆ ಏರಿಳಿತವನ್ನು ೩೬,೦೦೦ ಕಿಲೋಮೀಟರು ಮೇಲಿನಿಂದ ನೋಡಿ ಹೇಳುವ ಕಣ್ಣು ನಮ್ಮ ದೇಶಕ್ಕೆ ಬಂದಿದೆ. ಒಡಹುಟ್ಟಿದವರ ಮೇಲೆ ಸಂಶಯ ಪಡುವ ಮೊದಲು ಆ ಚಿತ್ರವನ್ನೊಮ್ಮೆ ನೋಡುವುದಕ್ಕೆ ಖರ್ಚೇನೂ ಇಲ್ಲ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.